ಬೆಟ್ಟ ಕಾಣದ ಲೆನ್ಸು

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಕ್ಕೆ ಬೇರೆ ಲೆನ್ಸು ತಗುಲಿಸಿದವರ ಗೋಳು ಒಂದೇ: ಎದುರುಮನೆ ಗೇಟಿನ ತುಕ್ಕು ಕೂಡ ಸ್ಪಷ್ಟ, ಆಚೆಯ ಬೆಟ್ಟ ಮಾತ್ರ ಮಸುಕು. ಕೂಡಲೇ ಲೆನ್ಸು ಮಾರಿದವನಿಗೆ ಸಹಸ್ರನಾಮ. ಪಾಪ, ಎಷ್ಟೋ ಸಲ ಅವನದೇನೂ ತಪ್ಪಿರುವುದಿಲ್ಲ.

ಲೆಕ್ಕ ನೋಡಿ. ದೂರದ್ದು ಫೋಕಸ್ ಆಗಬೇಕಾದರೆ 90 ಮಿ.ಮೀ. ಲೆನ್ಸು ಫಿಲ್ಮಿನಿಂದ ಹೆಚ್ಚುಕಡಿಮೆ 90 ಮಿ.ಮೀ. ದೂರದಲ್ಲೇ ಕೂರಬೇಕು. ಒಂದೇ ಒಂದು ಮಿಲಿಮೀಟರ್ ಮುಂದೆ ಸರಿದರೂ ಅದರ ದೃಷ್ಟಿ ಎಂಟು ಮೀಟರಿಗೇ ನಿಂತುಬಿಡುತ್ತದೆ. 150ರದ್ದು ಸ್ವಲ್ಪ ಉದಾರಿ, ಇಪ್ಪತ್ತೆರಡು ಮೀಟರಿನ ತನಕ ಹೋದೀತು. ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲವನ್ನು, ಅಂದರೆ ಬೆಲ್ಲೋಸನ್ನು, ಎಷ್ಟು ಅದುಮಿದರೂ ಮಡಿಕೆಗಳು ಒಂದು ಹಂತಕ್ಕೆ ಹಟ ಹಿಡಿಯುತ್ತವೆ. ಆಗ ಲೆನ್ಸನ್ನು ಒಳಕ್ಕೆ ಇಳಿಸಿ ಕೂರಿಸುವ ತಗ್ಗು ಬೋರ್ಡೇ ಗತಿ. ಆ ಗುಂಡಿಯೊಳಗೆ ಬೆರಳು ತೂರಿಸಿ ಶಟರ್ ತಿರುಗಿಸುವ ಸರ್ಕಸ್ಸು ಬೇರೆ!

ಬೋರ್ಡಿಗೆ ದುಡ್ಡು ಸುರಿಯುವ ಮೊದಲು ಫೋಕಸ್ ನೋಡಲು ಕ್ಯಾಮೆರಾದ ಹಿಂದೆ ಕೂರಿಸಿದ ತರಿಗಾಜನ್ನೊಮ್ಮೆ ಪರೀಕ್ಷಿಸುವುದು ವಾಸಿ. ಯಾರೋ ಪುಣ್ಯಾತ್ಮ ಒರೆಸಲೆಂದು ಬಿಚ್ಚಿ, ತಿರುಗಾಮುರುಗಾ ಹಾಕಿರುತ್ತಾನೆ. ತರಿತರಿ ಮುಖ ಲೆನ್ಸಿನ ಕಡೆಗಿರಬೇಕು. ಇಲ್ಲದಿದ್ದರೆ ಗಾಜಿನ ದಪ್ಪವೇ ಎಡವಟ್ಟು ಮಾಡಿ, ಗಾಜಿನ ಮೇಲೆ ಚಂದ್ರ ಚಂದ್ರನೇ, ಫಿಲ್ಮಿನ ಮೇಲೆ ಇಡ್ಲಿ.

ಸ್ಪೀಡ್ ಗ್ರಾಫಿಕ್‌ನಂಥ ಮಡಚುವ ಕ್ಯಾಮೆರಾಗಳ ಹಳಿಯ ಮೇಲೆ ಪುಟ್ಟ ತಡೆಗಳೂ ಇರುತ್ತವೆ, ಹಳೇ ಲೆನ್ಸಿನ ಅಳತೆಗೆ ಕೂರಿಸಿದವು. ಹೊಸ ಲೆನ್ಸಿಗೆ ಅವನ್ನು ಸರಿಸಿಕೊಳ್ಳಬೇಕು. ಸರಿಸದೆ ಭುಜಬಲ ತೋರಿಸುವವರೂ ಇದ್ದಾರೆ. ರಿಪೇರಿಯವರಿಗೆ ಅಂಥವರ ಮೇಲೆ ವಿಶೇಷ ಪ್ರೀತಿ.