ಎಮ್ಮೆ ಸಾಲ ಮತ್ತು ಗೇಮ್ ಬಾಯ್

ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡವರಿಗೆ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ. ಜಗತ್ತಿನ ಯಾವ ವಸ್ತುವನ್ನು ತಂದು ಮುಂದಿಟ್ಟರೂ ಅದರ ಬಾಯಿ ತೆರೆಸಿ ಹಲ್ಲು ನೋಡಬೇಕು ಅನ್ನಿಸುತ್ತದೆ. ಹಳ್ಳಿಯ ಬಡವರಿಗೆ ಸಾಲ ಕೊಡಿಸುತ್ತಿದ್ದ ಸರ್ಕಾರದ ಐಆರ್‌ಡಿಪಿ ಯೋಜನೆಯ ಕಾಲದಲ್ಲಿ ದನದ ಸಂತೆಗಳಲ್ಲಿ ಬಿಸಿಲಿಗೆ ನಿಂತು ನಾನು ಕೊಡಿಸಿದ ಎಮ್ಮೆಗಳಿಗೆ ಲೆಕ್ಕವಿಲ್ಲ. ಹಲ್ಲು ನೋಡಿ ವಯಸ್ಸು, ಕೆಚ್ಚಲು ನೋಡಿ ಹಾಲು, ದಲ್ಲಾಳಿಯ ಮುಖ ನೋಡಿ ಸುಳ್ಳು, ಈ ಮೂರನ್ನೂ ಅಳೆದು, ಕಿವಿಗೆ ವಿಮೆಯ ಬಿಲ್ಲೆ ಹೊಡೆಸಿ, ಎಮ್ಮೆ, ಫಲಾನುಭವಿ ಮತ್ತು ಮ್ಯಾನೇಜರು ಮೂವರೂ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆಸಿದರೆ ಒಂದು ಸಾಲ ಮುಗಿಯಿತು. ಆಗ ಕಲಿತ ಪಾಠ ಒಂದೇ: ಎಮ್ಮೆಯ ಬೆಲೆಯಲ್ಲಿ ಮೋಸ ಹೋದವರಿಗಿಂತ ಮೇವಿನ ಬೆಲೆ ಕೇಳದೆ ಕೆಟ್ಟವರೇ ಹೆಚ್ಚು.

ಈ ವಿದ್ಯೆ ಪೆನ್ಷನ್ನಿನೊಂದಿಗೇ ಮೂಲೆ ಸೇರಿತ್ತು. ಬೆಂಗಳೂರಿನ ಮೊಮ್ಮಗನಿಗೆ ಒಂಬತ್ತು ತುಂಬುವ ಹೊತ್ತಿಗೆ ಮತ್ತೆ ಚಲಾವಣೆಗೆ ಬಂತು. ಅವನಿಗೆ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಬೇಕಂತೆ. ‘ತಾತ, ಕಾಸ್ಟ್ಲಿ ಬೇಡ, ವ್ಯಾಲ್ಯೂ ಫಾರ್ ಮನಿ ಇರೋದು ಸಾಕು’ ಅಂದ. ಸಾಲ ಕೇಳಲು ಬಂದವನ ಬಾಯಲ್ಲಿ ಮ್ಯಾನೇಜರನ ಭಾಷೆ ಕೇಳಿಬಂದರೆ ಹುಷಾರಾಗಬೇಕು. ಕನ್ನಡಕ ಏರಿಸಿ, ಹಳೆಯ ಡೈರಿಯ ಖಾಲಿ ಹಾಳೆಯ ಮೇಲೆ ‘ಪರಿಶೀಲನಾ ಟಿಪ್ಪಣಿ’ ಎಂದು ಬರೆದು ಅಡಿಗೆರೆ ಎಳೆದೆ. ಗೆರೆಯ ಶಾಯಿ ಆರುವ ಮೊದಲೇ ಮನೆಯವರೆಲ್ಲರ ಅರ್ಜಿಗಳೂ ಬಂದು ಬಿದ್ದವು.

ಮೊದಲನೆಯದು ನನ್ನಾಕೆಯದು. ‘ಸೀಮೆಸುಣ್ಣದಲ್ಲಿ ಗೆರೆ ಎಳೆದು ಚೌಕಾಬಾರ ಹಾಕಿಕೊಡಿ. ಕವಡೆ ನನ್ನ ಹತ್ತಿರ ಇದೆ.’ ಖರ್ಚು ಸೊನ್ನೆ, ಮೇವು ಸೊನ್ನೆ, ಚಾರ್ಜರ್ ಬೇಡವೇ ಬೇಡ. ಮೈಸೂರಿನವಳಾದ್ದರಿಂದ ಅವಳ ಅರ್ಜಿಗೆ ರಾಜಮುದ್ರೆಯೂ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನೂ ಗಂಜೀಫಾ ಎಲೆಯಾಟಗಳನ್ನೂ ತಾವೇ ಕೂತು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ಯೂ ಒಂದು, ಅದರಲ್ಲಿ ಅವರ ಆಟಗಳಿವೆ. ಅವರು ಕಾಲವಾದದ್ದು 1868ರಲ್ಲಿ. ಅದಾಗಿ 21 ವರ್ಷಕ್ಕೆ, 1889ರಲ್ಲಿ, ಜಪಾನಿನ ಕ್ಯೋಟೋ ಪಟ್ಟಣದಲ್ಲಿ ಫುಸಾಜಿರೊ ಯಮೌಚಿ ಎಂಬಾತ ಹೂವಿನ ಚಿತ್ರಗಳ ‘ಹನಾಫುಡ’ ಎಲೆಗಳನ್ನು ಮಾಡುವ ಅಂಗಡಿ ತೆರೆದ. ಅದೇ ಇವತ್ತಿನ ನಿಂಟೆಂಡೊ. ಎಲೆ ನಮ್ಮಲ್ಲೂ ಇತ್ತು, ಅವರಲ್ಲೂ ಇತ್ತು. ನಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದೆವು. ಅವರು ಬ್ಯಾಟರಿ ಹಾಕಿದರು.

ಈ ಅರ್ಜಿಯನ್ನು ವಾಪಸು ಕಳಿಸಲು ಇದ್ದದ್ದು ಒಂದೇ ಕಾರಣ. ಚೌಕಾಬಾರಕ್ಕೆ ಎದುರಿಗೆ ಜನ ಬೇಕು. ಮಗಳ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂರುವುದು ಸತ್ಯನಾರಾಯಣ ಪೂಜೆಯ ದಿನ ಮಾತ್ರ.

ಎರಡನೆಯ ಅರ್ಜಿ ಮಗಳದು. ‘ಫೋನ್ ಇದೆಯಲ್ಲಪ್ಪಾ, ಗೇಮ್ ಎಲ್ಲ ಫ್ರೀ. ಯಾಕೆ ದುಡ್ಡು ದಂಡ?’ ಪುಕ್ಕಟೆ ಎಮ್ಮೆ ಎಂದರೆ ಯಾವ ಮ್ಯಾನೇಜರನ ಕಿವಿಯೂ ನೆಟ್ಟಗಾಗುತ್ತದೆ. ಮೊಮ್ಮಗನ ಪಕ್ಕದಲ್ಲಿ ಕೂತು ಒಂದು ಸಂಜೆ ತನಿಖೆ ಮಾಡಿದೆ. ಆಟ ಶುರುವಾಗುತ್ತಿದ್ದಂತೆ ಜಾಹೀರಾತು ಬಂತು. ಅದು ಮುಗಿದ ಮೇಲೆ ಒಂದು ಪೆಟ್ಟಿಗೆ ಕುಣಿಯುತ್ತಾ ಬಂದು ‘ತೆರೆ, ತೆರೆ’ ಎಂದು ಮಿನುಗಿತು. ತೆರೆಯಬೇಕಾದರೆ ವಜ್ರ ಬೇಕು, ವಜ್ರಕ್ಕೆ ರೂಪಾಯಿ ಬೇಕು. ಬೇಡವೆಂದರೆ ನಾಲ್ಕು ಗಂಟೆ ಕಾಯಬೇಕು. ಒಂಬತ್ತು ವರ್ಷದ ಹುಡುಗನಿಗೆ ನಾಲ್ಕು ಗಂಟೆ ಎಂದರೆ ಒಂದು ಮನ್ವಂತರ. ಇನ್ನೂ ವಿಚಿತ್ರವೆಂದರೆ ಆಟಕ್ಕೆ ಕೊನೆಯೇ ಇಲ್ಲ. ಗೆದ್ದರೂ ಮುಂದಕ್ಕೆ, ಸೋತರೂ ಮುಂದಕ್ಕೆ. ಎಮ್ಮೆ ಪುಕ್ಕಟೆ, ಸರಿ. ಆದರೆ ಕೆಚ್ಚಲಿಗೆ ಬೀಗ ಹಾಕಿ, ಪ್ರತಿಸಲ ಕರೆಯುವಾಗಲೂ ಕೀಲಿಗೆ ಬಾಡಿಗೆ ಕೇಳುತ್ತಾರೆ. ಟಿಪ್ಪಣಿಯಲ್ಲಿ ಬರೆದೆ: ‘ಬಂದ ಅರ್ಜಿಗಳಲ್ಲೆಲ್ಲ ಅತಿ ದುಬಾರಿ. ತಿರಸ್ಕೃತ.’

ಮೂರನೆಯ ಅರ್ಜಿ ಅಳಿಯನದು. ಅಳಿಯ ಸಾಫ್ಟ್‌ವೇರಿನವನು. ಅರ್ಜಿಯನ್ನು ಪವರ್‌ಪಾಯಿಂಟ್‌ನಲ್ಲಿ ತಂದ. 2023ರಲ್ಲಿ ಭಾರತಕ್ಕೆ ಬಂದ ಅಸೂಸ್ ಕಂಪನಿಯ ಆರ್‌ಒಜಿ ಅಲೈ. ಬಿಡುಗಡೆಯ ದಿನದ ಬೆಲೆ 69,990 ರೂಪಾಯಿ. ‘ಮಾವ, ಇದು ಬರೀ ಗೇಮ್ ಅಲ್ಲ, ಪೂರ್ತಿ ವಿಂಡೋಸ್ ಕಂಪ್ಯೂಟರ್. ಮಗು ಹೋಂವರ್ಕ್ ಕೂಡ ಮಾಡಬಹುದು.’ ತೂಕ ಕೇಳಿದೆ. 608 ಗ್ರಾಂ. ಮಗು ಅದನ್ನು ಹಿಡಿದು ಅರ್ಧ ಗಂಟೆ ಆಡಿದರೆ ಮಣಿಕಟ್ಟಿಗೆ ಎಣ್ಣೆ ತಿಕ್ಕಬೇಕು. ಮೇವು ಕೇಳಿದೆ. ಭಾರಿ ಆಟ ಹಾಕಿದರೆ ಎರಡು ಗಂಟೆ ಬ್ಯಾಟರಿ ನಿಲ್ಲುವುದೂ ಕಷ್ಟ. ಕೊನೆಗೆ, ಈ ಯಂತ್ರದಲ್ಲಿ ಆಡಲೆಂದು ಅವನು ಪಟ್ಟಿ ಮಾಡಿದ ಆಟಗಳನ್ನು ನೋಡಿದೆ. ಎಲ್ಲದರ ಮೇಲೂ ‘18 ವರ್ಷ ಮೇಲ್ಪಟ್ಟವರಿಗೆ’ ಎಂದಿತ್ತು. ಹೆಂಡತಿಯ ಹೆಸರಲ್ಲಿ ಕುರಿ ಸಾಲ ತೆಗೆದು ತಾನು ಬುಲೆಟ್ ಬೈಕು ಕೊಂಡವರನ್ನು ನಾನು ಸರ್ವಿಸ್ಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಾತಾಡದೆ ಲ್ಯಾಪ್‌ಟಾಪ್ ಮುಚ್ಚಿ ಅಳಿಯನ ಕೈಗಿಟ್ಟೆ.

‘ಆದರೂ ಮಾವ, ಸ್ಕ್ರೀನ್ ನೋಡಿ, ಗ್ರಾಫಿಕ್ಸ್ ನೋಡಿ’ ಎಂದು ಅವನು ಗೊಣಗುತ್ತಿದ್ದ. ಅವನಿಗೆ ಉತ್ತರ ಹೇಳಲು ನಾನು ಒಂದಿಷ್ಟು ಚರಿತ್ರೆ ಓದಬೇಕಾಯಿತು. 1989ರಲ್ಲಿ ನಿಂಟೆಂಡೊ ಗೇಮ್ ಬಾಯ್ ತಂದಾಗ ಅದರ ಪರದೆಗೆ ಬಣ್ಣವೂ ಇರಲಿಲ್ಲ, ಬೆಳಕೂ ಇರಲಿಲ್ಲ. ಪಾಚಿ ಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದವು, ಅಷ್ಟೆ. ಮರುವರ್ಷವೇ ಸೆಗಾ ಕಂಪನಿ ಗೇಮ್ ಗೇರ್ ತಂದಿತು: ಬಣ್ಣ, ಹಿಂದಿನಿಂದ ಬೆಳಕು, ಎಲ್ಲ ವೈಭವ. ಆದರೆ ಅದು ಆರು ಪೆನ್ಸಿಲ್ ಸೆಲ್ ತಿಂದು ಕೆಲವೇ ಗಂಟೆಗಳಲ್ಲಿ ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ ತಿಂದು ಹತ್ತು ಗಂಟೆಗೂ ಮೇಲೆ ಹಾಲು ಕೊಡುತ್ತಿತ್ತು. ಸಂತೆಯಲ್ಲಿ ಯಾವುದು ಗೆದ್ದಿತು ಎಂದು ಹೇಳಬೇಕೆ? ಗೇಮ್ ಬಾಯ್, ಅದರ ಬಣ್ಣದ ತಮ್ಮನೂ ಸೇರಿ, 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ ಹಿಂದಿದ್ದ ಗುನ್‌ಪೇ ಯೊಕೊಯಿ ಎಂಬ ಎಂಜಿನಿಯರನ ಸಿದ್ಧಾಂತವೇ ಅದು: ಹೊಚ್ಚಹೊಸ ತಂತ್ರಜ್ಞಾನದ ಹಿಂದೆ ಓಡಬೇಡ, ಚೆನ್ನಾಗಿ ಪಳಗಿ ಅಗ್ಗವಾದದ್ದನ್ನು ತೆಗೆದುಕೊಂಡು ಹೊಸ ಉಪಾಯಕ್ಕೆ ಹೂಡು. ಆತ ನಮ್ಮ ಶಾಖೆಗೆ ಬಂದಿದ್ದರೆ ಜಾಮೀನಿಲ್ಲದೆ ಸಾಲ ಕೊಡುತ್ತಿದ್ದೆ.

ಗೇಮ್ ಬಾಯ್ ಜೊತೆ ಅನೇಕ ದೇಶಗಳಲ್ಲಿ ಬಂದದ್ದು ಟೆಟ್ರಿಸ್ ಆಟ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಸರ್ಕಾರಿ ಕಂಪ್ಯೂಟರಿನ ಮುಂದೆ ಕೂತು ಮಾಡಿದ್ದು. ಕಚೇರಿ ವೇಳೆಯಲ್ಲಿ ಮಾಡಿದ ಕೆಲಸಗಳಲ್ಲಿ ಇಷ್ಟು ಬರಕತ್ತಾದದ್ದು ಇನ್ನೊಂದಿರಲಾರದು. 1993ರಲ್ಲಿ ರಷ್ಯದ ಗಗನಯಾನಿ ಅಲೆಕ್ಸಾಂಡರ್ ಸೆರೆಬ್ರೊವ್ ಗೇಮ್ ಬಾಯ್ ಮತ್ತು ಟೆಟ್ರಿಸ್ ಎರಡನ್ನೂ ಮೀರ್ ಅಂತರಿಕ್ಷ ನಿಲ್ದಾಣಕ್ಕೇ ಒಯ್ದ. ನಮ್ಮ ಜಾತ್ರೆಗಳಿಗೆ ಅದೇ ಆಟ ‘9999 ಇನ್ 1’ ಎಂಬ ಪ್ಲಾಸ್ಟಿಕ್ ಡಬ್ಬಿಯಾಗಿ ಬಂತು. ನನ್ನ ಮಗಳು ಅದರಲ್ಲಿ ಬೀಳುವ ಇಟ್ಟಿಗೆ ಜೋಡಿಸುತ್ತಾ ಎಸ್ಸೆಸ್ಸೆಲ್ಸಿ ದಾಟಿದಳು. ಉಳಿದ 9998 ಆಟಗಳು ಎಲ್ಲಿದ್ದವು ಎಂದು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಮಾರುಕಟ್ಟೆ ಸಮೀಕ್ಷೆಯಿಲ್ಲದೆ ಟಿಪ್ಪಣಿ ಪೂರ್ತಿಯಾಗುವುದಿಲ್ಲ. ಆನ್‌ಲೈನಿನಲ್ಲಿ ತರಿಸುವುದೆಂದರೆ ನೀರಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡಿದ ಹಾಗೆ. ಅದಕ್ಕೇ ಅಳಿಯನನ್ನು ಹೊರಡಿಸಿಕೊಂಡು ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿಗೆ ಹೋದೆ. ಒಬ್ಬ ಹುಡುಗ ಅಂಗೈಯಗಲದ ಡಬ್ಬಿ ತೋರಿಸಿದ. ‘400 ಇನ್ 1 ಸಾರ್, ಮಕ್ಕಳಿಗೆ ಸೂಪರ್.’ ಬೆಲೆ ಕೆಲವೇ ನೂರು ರೂಪಾಯಿ. ಬೆನ್ನು ತೆರೆದರೆ ಹಳೆಯ ನೋಕಿಯಾ ಫೋನಿನ ಮಾದರಿಯ ಬ್ಯಾಟರಿ. ಟಿವಿಗೂ ಸಿಕ್ಕಿಸಬಹುದು. ಬಿದ್ದು ಒಡೆದರೆ ಮನೆಯಲ್ಲಿ ಯಾರಿಗೂ ಬಿಪಿ ಏರುವುದಿಲ್ಲ. ದೋಷ ಎಂದರೆ 400ರಲ್ಲಿ ಎಷ್ಟೋ ಆಟಗಳು ಅವೇ ಮತ್ತೆ ಹೆಸರು ಬದಲಿಸಿಕೊಂಡು ಬರುತ್ತವೆ, ಮತ್ತು ಆ ಆಟಗಳನ್ನು ಮಾಡಿದವರಿಗೆ ಒಂದು ಪೈಸೆಯೂ ಹೋಗಿರುವುದಿಲ್ಲ. ಸಾವಿರಾರು ಹಳೆಯ ಆಟಗಳನ್ನು ಮೆಮೊರಿ ಕಾರ್ಡಿಗೆ ತುಂಬಿ ಕೊಡುವ ಚೀನಾದ ಸುಂದರ ಯಂತ್ರಗಳ ಕಥೆಯೂ ಅದೇ. ಯಂತ್ರಕ್ಕೆ ದೋಷವಿಲ್ಲ, ಒಳಗಿನ ಆಸ್ತಿಗೆ ಹಕ್ಕುಪತ್ರವಿಲ್ಲ.

ಕೊನೆಗೆ ಮೊಮ್ಮಗನ ಸ್ವಂತ ಅರ್ಜಿ: ನಿಂಟೆಂಡೊ ಸ್ವಿಚ್. 2017ರಲ್ಲಿ ಬಂದದ್ದು. 2019ರಲ್ಲಿ ಅದರ ಚಿಕ್ಕ ತಮ್ಮ ಸ್ವಿಚ್ ಲೈಟ್ ಬಂತು. ಅಮೆರಿಕದಲ್ಲಿ ಆಗಿನ ಬೆಲೆ 199.99 ಡಾಲರ್. 2025ರ ಜೂನ್‌ನಲ್ಲಿ ಸ್ವಿಚ್ 2 ಬಂತು, 449.99 ಡಾಲರ್. ಇವು ಯಾವುವನ್ನೂ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಯಾರೋ ತರಿಸುತ್ತಾರೆ, ಸುಂಕ, ಸಾಗಣೆ, ಲಾಭ ಎಲ್ಲ ಅದರ ಬೆನ್ನೇರಿ ಕೂರುತ್ತವೆ. ವಾರಂಟಿ ಎಂದರೆ ಅಂಗಡಿಯವನ ನಗು. ಹಾಗಾಗಿ ಬಿಲ್ಲು ಮತ್ತು ಡಬ್ಬಿ ಎರಡನ್ನೂ ಎಮ್ಮೆಯ ಕಿವಿಬಿಲ್ಲೆಯಷ್ಟೇ ಜೋಪಾನವಾಗಿ ಇಡಬೇಕು. ನಾಳೆ ಮಾರುವಾಗ ಅದಕ್ಕೇ ಬೆಲೆ.

ಮೇವಿನ ಲೆಕ್ಕ ಹಾಕಿದೆ. ಒಂದು ದೊಡ್ಡ ಆಟಕ್ಕೆ ಅಮೆರಿಕದ ಬೆಲೆಯೇ 60 ಡಾಲರ್. ಮೂರು ಆಟ ಕೊಂಡರೆ 180. ಅಂದರೆ ಮೂರು ಹೊರೆ ಹುಲ್ಲಿಗೆ ಹೆಚ್ಚುಕಮ್ಮಿ ಒಂದು ಲೈಟ್ ಎಮ್ಮೆ ಬರುತ್ತದೆ. ಮೂಗಿಗಿಂತ ಮೂಗುತಿ ಭಾರ. ಹೊಸ ಸ್ವಿಚ್ 2ರಲ್ಲಿ ಇನ್ನೊಂದು ಬೆರಗು ಇದೆ: ಕೆಲವು ಆಟಗಳ ಕ್ಯಾಸೆಟ್ಟಿನಲ್ಲಿ ಆಟವೇ ಇರುವುದಿಲ್ಲ, ಬರೀ ಕೀಲಿ ಇರುತ್ತದೆ, ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಹಗ್ಗ ಕೊಟ್ಟು ಕಳಿಸಿ, ಎಮ್ಮೆ ಹಿಂದಿನಿಂದ ಬರುತ್ತದೆ ಎಂದ ಹಾಗೆ.

ಆದರೆ ನಿಜವಾದ ಕ್ಯಾಸೆಟ್ಟಿಗೆ ಒಂದು ಗುಣವಿದೆ. ಆಡಿ ಮುಗಿಸಿದ ಮೇಲೆ ಮಾರಬಹುದು, ಪಕ್ಕದ ಮನೆಯ ಹುಡುಗನಿಗೆ ಕೊಟ್ಟು ಅವನದನ್ನು ತರಬಹುದು. ಡೌನ್‌ಲೋಡ್ ಮಾಡಿಕೊಂಡ ಆಟವನ್ನು ಹಾಗೆ ಮಾರಲು ಬರುವುದಿಲ್ಲ. ಇನ್ನೊಂದು ಗುಣವನ್ನು ಅಂಗಡಿಯ ಹುಡುಗನೇ ಹೇಳಿದ: ‘ಒರಿಜಿನಲ್ಲೋ ಅಲ್ಲವೋ ನೋಡಬೇಕಾದರೆ ನಾಲಿಗೆಗೆ ತಾಗಿಸಿ ಸಾರ್.’ ಅಳಿಯ ತಾಗಿಸಿದ. ಅವನ ಮುಖ ಮೈಸೂರಿಗೆ ತಲುಪುವಷ್ಟು ಉದ್ದವಾಯಿತು. ಚಿಕ್ಕ ಮಕ್ಕಳು ನುಂಗದಿರಲಿ ಎಂದು ಸ್ವಿಚ್ ಕ್ಯಾಸೆಟ್ಟುಗಳಿಗೆ ಡೆನಟೋನಿಯಂ ಬೆನ್ಜೋಯೇಟ್ ಎಂಬ ಮಹಾಕಹಿ ರಾಸಾಯನಿಕ ಬಳಿದಿರುತ್ತಾರೆ. ಆರ್‌ಒಜಿ ಅಲೈ ವಿಷಯ ಅವನು ಆ ದಿನವೆಲ್ಲ ಎತ್ತಲಿಲ್ಲ.

ಹಲ್ಲು ನೋಡುವುದು ಮಾತ್ರ ನನ್ನದೇ ಕೆಲಸ. ಸೆಕೆಂಡ್‌ಹ್ಯಾಂಡ್ ಲೈಟ್ ಒಂದನ್ನು ಕೈಗೆ ತೆಗೆದುಕೊಂಡೆ. ತೂಕ 275 ಗ್ರಾಂ, ಒಮ್ಮೆ ಹೊಟ್ಟೆ ತುಂಬಿಸಿದರೆ ಆಟಕ್ಕೆ ತಕ್ಕಂತೆ ಮೂರರಿಂದ ಏಳು ಗಂಟೆ. ಟಿವಿಗೆ ಸಿಕ್ಕಿಸಲು ಬರುವುದಿಲ್ಲ. ಅಂದರೆ ಮನೆಯ ಧಾರಾವಾಹಿಗೆ ಅಪಾಯವಿಲ್ಲ. ಕಳಚುವ ಭಾಗಗಳಿಲ್ಲ, ಮಕ್ಕಳ ಸಾಮಾನಿನಲ್ಲಿ ಕಳಚುವುದು ಕಡಿಮೆಯಿದ್ದಷ್ಟೂ ಆಯಸ್ಸು ಜಾಸ್ತಿ. ಈ ಜಾತಿಗೆ ಇರುವ ಹೆಸರಾಂತ ರೋಗ ‘ಡ್ರಿಫ್ಟ್’: ಆಡಿಸುವ ಕಡ್ಡಿಯಿಂದ ಬೆರಳು ತೆಗೆದರೂ ಬೊಂಬೆ ತಾನಾಗಿ ನಡೆಯುತ್ತಿರುತ್ತದೆ. ಲೈಟ್‌ನಲ್ಲಿ ಕಡ್ಡಿ ಮೈಗೇ ಅಂಟಿರುವುದರಿಂದ ಈ ರೋಗ ಬಂದರೆ ಇಡೀ ಯಂತ್ರವನ್ನೇ ಬಿಚ್ಚಬೇಕು. ಸೆಟ್ಟಿಂಗ್ಸ್‌ನಲ್ಲಿ ಕಡ್ಡಿ ಪರೀಕ್ಷೆಯ ಪುಟ ತೆರೆದು, ಎರಡನ್ನೂ ಸುತ್ತಿಸಿ ಕೈಬಿಟ್ಟೆ. ಗುರುತು ನಡುವೆ ಬಂದು ಕದಲದೆ ನಿಂತಿತು. ಚಾರ್ಜಿಂಗ್ ತೂತು ಅಲ್ಲಾಡಲಿಲ್ಲ, ಕ್ಯಾಸೆಟ್ಟು ಓದಿತು, ಹಳೆಯ ಮಾಲೀಕನ ಖಾತೆ ಅಳಿಸಿತ್ತು, ಇಂಟರ್‌ನೆಟ್ಟಿನ ಅಂಗಡಿ ತೆರೆಯಿತು. ಮಂಜೂರು ಮಾಡಿದೆ.

ಷರತ್ತುಗಳಿಲ್ಲದ ಮಂಜೂರಾತಿ ಉಂಟೆ? ಇದಕ್ಕೆ ಪೋಷಕರ ಫೋನಿನಲ್ಲಿ ಒಂದು ಆ್ಯಪ್ ಬರುತ್ತದೆ. ದಿನಕ್ಕೆ ಇಷ್ಟು ಹೊತ್ತು ಎಂದು ಕಟ್ಟಿಹಾಕಬಹುದು, ಹೊತ್ತು ಮುಗಿದರೆ ಆಟವನ್ನು ನಿಲ್ಲಿಸಲೂಬಹುದು. ‘ತಾತ, ಸೇವ್ ಆಗೋ ಜಾಗ ಬರಲಿ, ಇನ್ನೊಂದೇ ಲೆವೆಲ್’ ಎಂಬ ಮನವಿ ದಿನವೂ ಬರುತ್ತದೆ. ಕಂತು ಕಟ್ಟಲು ಇನ್ನೊಂದೇ ತಿಂಗಳು ಅವಧಿ ಕೇಳುವವರ ಧ್ವನಿ ನನಗೆ ಚೆನ್ನಾಗಿ ಗೊತ್ತು. ಹತ್ತು ನಿಮಿಷದ ವಿಸ್ತರಣೆ ಕೊಟ್ಟು, ಮರುದಿನದ ಖಾತೆಯಿಂದ ಕಳೆಯುತ್ತೇನೆ. ಆಟಕ್ಕೆ ಒಂದು ಕೊನೆ ಇರುವುದರಿಂದ ಹುಡುಗ ಮುಗಿಸುತ್ತಾನೆ, ಮುಗಿಸಿದ ಮೇಲೆ ಬೇಸರಪಡುತ್ತಾನೆ, ಬೇಸರವಾದಾಗ ಅಜ್ಜಿಯ ಕವಡೆ ಹುಡುಕುತ್ತಾನೆ. ಆ ಲಾಭವನ್ನು ನಾನು ಟಿಪ್ಪಣಿಯಲ್ಲಿ ಅಂದಾಜೇ ಮಾಡಿರಲಿಲ್ಲ.

ಒಂದು ತಪಾಸಣೆಯಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಆ್ಯಪ್ ಕೊಡುವ ಲೆಕ್ಕದಲ್ಲಿ ಮೊಮ್ಮಗ ಆಡಿದ್ದು ಸಂಜೆ ಒಂದು ಗಂಟೆ. ಆದರೆ ಬೆಳಗಾಗುವ ಹೊತ್ತಿಗೆ ಅವನ ಮಾರಿಯೊ ಮೂರು ಲೋಕ ದಾಟಿ ಹೋಗಿರುತ್ತಿದ್ದ. ನಿರ್ಬಂಧದ ಪಿನ್ ಗೊತ್ತಿದ್ದದ್ದು ನನಗೆ ಮತ್ತು ಅಳಿಯನಿಗೆ. ನಾನು ಒಂಬತ್ತಕ್ಕೇ ಮಲಗುವವನು.

ಆದ್ದರಿಂದ ಮಕ್ಕಳಿಗೆ ಕನ್ಸೋಲ್ ಕೊಡಿಸಲು ಹೊರಟವರಿಗೆ ನನ್ನ ಶಿಫಾರಸು ಇಷ್ಟು. ಏಳೆಂಟು ವರ್ಷದೊಳಗಿನವರಿಗೆ ಇಟ್ಟಿಗೆ ಬೀಳುವ ಡಬ್ಬಿ ಧಾರಾಳ ಸಾಕು. ಅದಕ್ಕೆ ಮೇಲ್ಪಟ್ಟವರಿಗೆ ಪರೀಕ್ಷಿಸಿ ಕೊಂಡ ಸೆಕೆಂಡ್‌ಹ್ಯಾಂಡ್ ಸ್ವಿಚ್ ಲೈಟ್, ಜೊತೆಗೆ ಬೀದಿಯ ಬೇರೆ ಮಕ್ಕಳ ಹತ್ತಿರ ಇಲ್ಲದ ಎರಡು ಕ್ಯಾಸೆಟ್ಟು. ಉಳಿದದ್ದು ವಿನಿಮಯದಲ್ಲಿ ಬರುತ್ತದೆ. ಪುಕ್ಕಟೆ ಆಟವನ್ನು ಹತ್ತಿರ ಸೇರಿಸಬೇಡಿ. ಮತ್ತು ದುಡ್ಡು ಎಣಿಸುವ ಮೊದಲು ಅರ್ಜಿದಾರ ಮಗುವೋ, ಮಗುವಿನ ಅಪ್ಪನೋ ಎಂಬುದನ್ನು ಖುದ್ದಾಗಿ ಸ್ಥಳ ಪರಿಶೀಲನೆ ಮಾಡಿ ಖಾತ್ರಿಪಡಿಸಿಕೊಳ್ಳಿ.