ಇನ್ನೊಂದು ಪದರ, ಸರ್ರ

ಲೇಯರಪ್ಪನ ಮನೆಗೆ ವಿಳಾಸ ಬೇಕಿಲ್ಲ. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಇಳಿದು, ಪ್ರಚಾರಕ್ಕೆ ಹೊರಟ ಯಾವುದಾದರೂ ಆಟೋದ ಮೈಕಿಗೆ ಕಿವಿ ಕೊಟ್ಟರೆ ಸಾಕು. "ರೈತ ಬಾಂಧವರೇ, ತೊಗರಿ ಬೀಜ, ಹತ್ತಿ ಬೀಜ, ಸಜ್ಜಿ ಬೀಜ..." ಎನ್ನುವ ದನಿಯ ಹಿಂದೆ ಜಲ್ಲಿ ಕ್ರಷರ್ ತಿರುಗಿದಂಥ ಗರ್ಜನೆ ಕೇಳಿದರೆ, ಅದು ಆಟೋದ ಸೈಲೆನ್ಸರ್ ಹಾರಿದ್ದಲ್ಲ. ಲೇಯರಪ್ಪನ ಗಿಟಾರ್. ಸಾವ್ಕಾರನಿಗೆ ಬೀಜ ಮಾರಬೇಕಿತ್ತು, ಇವನಿಗೆ ಹೆವಿ ಮೆಟಲ್ ಮಾಡಬೇಕಿತ್ತು. ಇಬ್ಬರೂ ಮುನ್ನೂರು ರೂಪಾಯಿಗೆ ಒಪ್ಪಿಕೊಂಡರು.

ಮನೆಯವರು ಇಟ್ಟ ಹೆಸರು ಬೇರೆಯೇ ಇದೆ, ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಆದರೆ ಮೂರು ಹೊತ್ತೂ "ಒಂದ ಲೇಯರ್ ಸಾಲೂದಿಲ್ರಿ, ಇನ್ನೊಂದ ಲೇಯರ್ ಬೇಕು" ಅನ್ನುವವನನ್ನು ಊರು ಇನ್ನೇನೆಂದು ಕರೆದೀತು? ನಮ್ಮ ಕಡೆ ಯಾವ ಶಬ್ದದ ಬಾಲಕ್ಕಾದರೂ 'ಅಪ್ಪ' ಹಚ್ಚಿದರೆ ಒಬ್ಬ ಮನುಷ್ಯ ತಯಾರು. ಇವನೊಬ್ಬನೇ ಎಂದೂ ತಿಳಿಯಬೇಡಿ. ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿನ ಹಿಂದಿನ ಓಣಿಯಲ್ಲೊಬ್ಬ, ಮಸ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲೊಬ್ಬ ಲೇಯರಪ್ಪ ಇದ್ದೇ ಇರುತ್ತಾನೆ. ನಮ್ಮ ಪಾಲಿಗೆ ಬಂದವನು ನಮ್ಮ ಗೋಡೆಗೇ ಅಂಟಿಕೊಂಡಿದ್ದಾನೆ.

ಅವನ ಸ್ಟುಡಿಯೋ ಎಂದರೆ ಅಜ್ಜಿಯ ಮನೆಯ ಹಿಂದಿನ ಕೋಣೆ. ಮೊದಲು ಜೋಳದ ಚೀಲ ಇಡುತ್ತಿದ್ದದ್ದು. ಗೋಡೆಗೆ ಹಚ್ಚುವ ಫೋಮಿಗೆ ದುಡ್ಡಿಲ್ಲ, ಅಜ್ಜಿಯ ಕೌದಿಗಳಿವೆ. ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ಯಾರದೋ ಕುಬಸದ ತುಂಡು ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅಂಗುಲಕ್ಕೊಂದು ಹೊಲಿಗೆ ಹಾಕಿದ ಕೌದಿಗಳು. ದನಿ ಗೋಡೆಗೆ ಬಡಿದು ತಿರುಗಿ ಬಾರದಂತೆ ಹೀರಿಕೊಳ್ಳಲು ದುಡ್ಡಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ಏಳು ಕೌದಿಗೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಚಳಿ ಬಂತೆಂದರೆ ಅಜ್ಜಿ ವಾರಕ್ಕೊಂದರಂತೆ ಕಿತ್ತುಕೊಂಡು ಹೋಗುತ್ತಾಳೆ. ಹೀಗಾಗಿ ಡಿಸೆಂಬರಿನಲ್ಲಿ ರೆಕಾರ್ಡ್ ಆದ ಹಾಡುಗಳೆಲ್ಲ ಬಾವಿಯೊಳಗಿಂದ ಬಂದಂತೆ ಕೇಳುತ್ತವೆ. ಲೇಯರಪ್ಪ ಇದಕ್ಕೆ "ನ್ಯಾಚುರಲ್ ರಿವರ್ಬ್ ರೀ" ಎಂದು ಹೆಸರಿಟ್ಟು ಐವತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾನೆ.

ಹೊಟ್ಟೆ ಹೊರೆಯುವುದು ಜಾನಪದ ಡಿಜೆ ಹಾಡು, ಭಜನೆ ಪದ, ಆಟೋ ಪ್ರಚಾರಗಳಿಂದ. ಪಂಚಾಯ್ತಿ ಚುನಾವಣೆ ಬಂದರೆ ಸುಗ್ಗಿ. ಎದುರುಬದುರಿನ ಅಭ್ಯರ್ಥಿಗಳಿಬ್ಬರೂ ಇವನ ಹತ್ತಿರವೇ ಬರುತ್ತಾರೆ, ಇಬ್ಬರಿಗೂ ಒಂದೇ ಗಿಟಾರ್, ಹೆಸರು ಮಾತ್ರ ಬೇರೆ. ಉಳಿದ ಹೊತ್ತೆಲ್ಲ 'ಭಾರ'ದ ಹುಡುಕಾಟ.

"ಸರ್ರ, ಗಿಟಾರ್ ಒಂದ ಇದ್ರ ಹಾಡು ತೆಳ್ಳಗ ಕೇಳ್ತೈತ್ರಿ, ನೀರ ಸಾರು ಇದ್ದಂಗ. ಎಡಕ್ಕೊಂದು ಬಲಕ್ಕೊಂದು ಹಾಕಿದ್ರ ಗೋಡಿ ಎಬ್ಬಿಸಿದಂಗ ಆಕೈತಿ."

ನಾನು ಕನ್ನಡದ ಮಾಸ್ತರ, ಅದೂ ನಿವೃತ್ತ. ತೆಳು-ದಪ್ಪ ಎಂದರೆ ನನಗೆ ರೊಟ್ಟಿಯ ಲೆಕ್ಕ. ಆದರೂ ಒಗ್ಗರಣಿ-ಮಿರ್ಚಿ ತರಿಸಿ ಎದುರಿಗಿಟ್ಟು ಹೆಡ್‌ಫೋನ್ ಸಿಕ್ಕಿಸಿದರೆ ಇಲ್ಲವೆನ್ನುವುದು ಹೇಗೆ? ಹಾಗೆ ಮಿರ್ಚಿಯ ಋಣದಲ್ಲಿ ನಾನು ಕಲಿತದ್ದಿಷ್ಟು. ಒಂದು ಸಲ ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ದನಿ ದಪ್ಪವಾಗುವುದಿಲ್ಲ, ಜೋರಾಗುತ್ತದೆ ಅಷ್ಟೇ. ಎರಡೂ ಕಿವಿಗೆ ಒಂದೇ ಸರಕು ಬಂದಾಗ ತಲೆ ಅದನ್ನು ನಡುವೆ ಒಂದೇ ಎಂದು ಎಣಿಸಿಬಿಡುತ್ತದೆ. ಅದೇ ಸಾಲನ್ನು ನಿಜವಾಗಿ ಇನ್ನೊಮ್ಮೆ ನುಡಿಸಬೇಕು. ಆಗ ಒಂದು ಪೆಟ್ಟು ಕೂದಲೆಳೆ ಮುಂದೆ ಬೀಳುತ್ತದೆ, ಇನ್ನೊಂದು ಹಿಂದೆ. ತಂತಿ ಒಮ್ಮೆ ಬಿಗಿ ಸಿಗುತ್ತದೆ, ಒಮ್ಮೆ ಸಡಿಲ. ಆ ಹೊಂದಿಯೂ ಹೊಂದದ ಸಂದಿಯಲ್ಲೇ ಅಗಲ ಹುಟ್ಟುವುದು.

ಇದಕ್ಕೆ ಅವನು ಕೊಡುವ ದೃಷ್ಟಾಂತ ಕೇಳಿ ನನ್ನ ಮೂವತ್ತು ವರ್ಷದ ಮಾಸ್ತರಿಕೆ ನಾಚಿಕೊಂಡಿತು. "ಅಶೋಕ ಏನ್ ಮಾಡ್ಯಾನ್ರಿ ಸರ್ರ? ಒಂದ ಮಾತು ಮಸ್ಕಿಯಾಗ ಕೆತ್ತಿಸ್ಯಾನ, ಕೊಪ್ಪಳದ ಗವಿಮಠದಾಗ ಕೆತ್ತಿಸ್ಯಾನ, ಪಾಲ್ಕಿಗುಂಡಿನ್ಯಾಗ ಕೆತ್ತಿಸ್ಯಾನ, ಬ್ರಹ್ಮಗಿರಿಯಾಗ ಕೆತ್ತಿಸ್ಯಾನ. ಕಾಪಿ-ಪೇಸ್ಟ್ ಅಲ್ಲ ಮತ್ತ! ಒಂದೊಂದು ಬಂಡಿಮ್ಯಾಲೂ ಕೈಲೇ ಹೊಸದಾಗಿ. ಅಲ್ಲೊಂದು ಇಲ್ಲೊಂದು ಅಕ್ಷರ ಹೆಚ್ಚು-ಕಡಿಮಿ. ಅದಕ್ಕ ಎರಡು ಸಾವಿರ ವರ್ಷ ಆದ್ರೂ ವಜನ್ ಐತಿ." ವಾದದಲ್ಲಿ ಹುರುಳಿದೆ. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಬಂಡೆ ಹುಡುಕಿದ್ದು ದೊಡ್ಡ ಸುದ್ದಿಯಾದದ್ದೇ ಅದರಲ್ಲಿ 'ಅಶೋಕ' ಎಂಬ ಹೆಸರು ಹೆಚ್ಚಾಗಿ ಇದ್ದದ್ದರಿಂದ. ಅದುವರೆಗೆ ಬೇರೆ ಕಡೆ ಸಿಕ್ಕ ಪ್ರತಿಗಳಲ್ಲಿ 'ದೇವಾನಾಂಪ್ರಿಯ'ದಂಥ ಬಿರುದು ಮಾತ್ರ ಇತ್ತು. ಕಾಪಿ-ಪೇಸ್ಟ್ ಆಗಿದ್ದರೆ ಆ ದೇವಾನಾಂಪ್ರಿಯನೇ ಅಶೋಕ ಎಂಬುದಕ್ಕೆ ಕಲ್ಲಿನ ಸಾಕ್ಷಿಗಾಗಿ ಇತಿಹಾಸಕಾರರು ಇನ್ನೂ ಕೆಲಕಾಲ ಕಾಯುತ್ತಿದ್ದರು. "ರಾಕ್ ಮ್ಯೂಸಿಕ್ ಮಸ್ಕಿಯಾಗ ಹುಟ್ಟೇತ್ರಿ" ಎಂದು ಅವನು ಮುಗಿಸಿದಾಗ ಮಾತ್ರ ನಾನು ಮಿರ್ಚಿಯ ಕಡೆ ಗಮನ ಹರಿಸಿದೆ.

ಕೋಣೆಯಲ್ಲಿ ದೇವರ ಜಗಲಿಯ ಪಕ್ಕದಲ್ಲೇ ಅವನ ಮೂಲಪುರುಷರ ಪಟಗಳಿವೆ. ಮೊದಲನೆಯದು ಅಮೆರಿಕದ ಲೆಸ್ ಪಾಲ್. ಇವನು 1940ರ ದಶಕದಲ್ಲೇ, ಟೇಪ್ ಕೂಡ ಇಲ್ಲದೆ, ಗ್ಯಾರೇಜಿನಲ್ಲಿ ಕೂತು ಒಂದು ತಟ್ಟೆಯ ದನಿಯನ್ನು ಇನ್ನೊಂದು ತಟ್ಟೆಗೆ ಇಳಿಸುತ್ತ, ಪ್ರತಿ ಸಲ ಹೊಸದೊಂದು ಗಿಟಾರ್ ಸೇರಿಸುತ್ತ, ಎಂಟು ಗಿಟಾರನ್ನು ಒಬ್ಬನೇ ನುಡಿಸಿದವನು. ಅವನಿಗೆ ದಿನಾಲೂ ಊದುಬತ್ತಿ. ಎರಡನೆಯದು ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ. ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಮುಂದೆ ತಂತಿ ಸಡಿಲಿಸಿ ಬ್ಲ್ಯಾಕ್ ಸಬ್ಬತ್ತಿನ ಆ ಭಾರದ ದನಿ ತೆಗೆದವನು. ಈ ಕಥೆಯನ್ನು ಒಮ್ಮೆ ಅಜ್ಜಿಗೂ ಹೇಳಿದ. ಅಜ್ಜಿ ಪೂರ್ತಿ ಕೇಳಿ, "ನಿನಗ ಹತ್ತೂ ಬೆರಳು ನೆಟ್ಟಗ ಅದಾವಲ್ಲೋ ತಮ್ಮಾ, ಹಂಗಿದ್ರೂ ಯಾಕ ಹಿಂಗ ಬಾರಸ್ತಿ?" ಎಂದಳು.

ಬೀಟಲ್ಸಿನ ಜಾನ್ ಲೆನ್ನನ್ನನ ಪಟ ಇಲ್ಲ. ಅವನಿಗೆ ಒಂದೇ ಹಾಡನ್ನು ಎರಡೆರಡು ಸಲ ಹಾಡಲು ಬೇಸರವೆಂದು, ಬೀಟಲ್ಸ್ ರೆಕಾರ್ಡ್ ಮಾಡುತ್ತಿದ್ದ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್ 1966ರಲ್ಲಿ ಟೇಪನ್ನು ಚೂರು ಹಿಂದೆಮುಂದೆ ಓಡಿಸಿ ಒಂದು ದನಿಯನ್ನು ಎರಡು ಮಾಡುವ ಉಪಾಯ ಕಂಡುಹಿಡಿದ. "ಮೈಗಳ್ಳ್ರು" ಎಂದು ಲೇಯರಪ್ಪ ಆ ಅಧ್ಯಾಯ ಮುಚ್ಚಿಬಿಡುತ್ತಾನೆ.

ಕಿಂಕ್ಸ್ ತಂಡದ ಡೇವ್ ಡೇವಿಸ್‌ನ ಪಟ ಇತ್ತು, ಈಗ ಮುಖ ಗೋಡೆಗೆ ತಿರುಗಿದೆ. 1964ರಲ್ಲಿ ಆತ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ, ಅದರ ಕರಕರ ದನಿಯಿಂದಲೇ ಹೆಸರಾದ. ಇದನ್ನು ಓದಿದ ರಾತ್ರಿ ಲೇಯರಪ್ಪ ಭಜನಾ ಮಂಡಳಿಯವರು ರಿಪೇರಿಗೆಂದು ಬಿಟ್ಟುಹೋಗಿದ್ದ ಸ್ಪೀಕರಿಗೆ ಬ್ಲೇಡು ಹಾಕಿದ. ಲಂಡನ್ನಿನಲ್ಲಿ ಸೀಳಿದ ಸ್ಪೀಕರ್ ಹುಲಿಯಂತೆ ಗುರ್‍ರೆಂದಿತ್ತಂತೆ. ಲಿಂಗಸುಗೂರಿನಲ್ಲಿ ಸೀಳಿದ್ದು ಸೀಳಿದ ಸ್ಪೀಕರಿನಂತೆಯೇ ಕೂಗಿತು. ಮಂಡಳಿಯವರಿಗೆ ಹೊಸದು ತಂದುಕೊಡಲು ಮೂರು ಚುನಾವಣಾ ಪ್ರಚಾರದ ಗಳಿಕೆ ಹೋಯಿತು.

ಆ ಮಂಡಳಿಯ ಹಿರಿಯರು ದೊಡ್ಡ ಮನಸ್ಸಿನವರು. ಮತ್ತೆ ಬಂದು ಹಣಮಪ್ಪನ ಪದವೊಂದನ್ನು ರೆಕಾರ್ಡ್ ಮಾಡಿಸಿದರು. ಒಬ್ಬರು ಎತ್ತಿಕೊಡುವುದು, ಏಳು ಮಂದಿ ಹಿಂದೆ ಹಿಡಿಯುವುದು. ಏಳು ಗಂಟಲು, ಏಳು ವಯಸ್ಸು, ಒಬ್ಬರ ಬಾಯಲ್ಲಿ ತಂಬಾಕು. ಜತೆಗೊಂದು ಡಬಲ್ ರೀಡಿನ ಹಾರ್ಮೋನಿಯಂ. ಒಂದು ಮನೆ ಒತ್ತಿದರೆ ಒಳಗೆ ಎರಡು ರೀಡು ಉಸಿರಾಡುತ್ತವೆ, ಅವೆರಡರ ಶ್ರುತಿಯಲ್ಲಿ ಎಳ್ಳಷ್ಟು ಅಂತರ ಇದ್ದುದರಿಂದಲೇ ಆ ತುಂಬು ನಾದ. ಲೇಯರಪ್ಪ ಇಡೀ ಜೀವನ ಹುಡುಕುತ್ತಿದ್ದದ್ದು ಕೋಣೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಅವನು ಅದರ ಕೆಳಗೆ ಎಂಟು ಗಿಟಾರ್ ಹಾಕಿದ. ಕೇಳಿದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣಮಪ್ಪ ಲಂಕಾ ಸುಡೂ ಭಾಗ ಆಗಿದ್ರ ನಡೀತಿತ್ತಪ್ಪಾ. ಇದು ಮಂಗಳಾರತಿ ಐತಿ" ಎಂದರು.

ಎರಡು ಗಿಟಾರ್ ನಾಲ್ಕಾಯಿತು, ನಾಲ್ಕು ಎಂಟು, ಎಂಟು ಹದಿನಾರು. ಪದರ ಏರಿದಷ್ಟೂ ಒಂದೊಂದರ ಕರಕರ ಇಳಿಸಬೇಕು. ಇಲ್ಲದಿದ್ದರೆ ಎಲ್ಲ ಕಲಸಿ ರಾಡಿಯಾಗುತ್ತದೆ ಎಂದು ಅವನ ಗುರುಗಳೆಲ್ಲ ಹೇಳಿದ್ದಾರಂತೆ. ಆದರೆ ಕಾರಕ್ಕೆ ಹೆದರದ ರಾಯಚೂರು ಜಿಲ್ಲೆಯ ನಾಲಿಗೆಗೆ ಕಡಿಮೆ ಹಾಕು ಎಂದರೆ ತಿಳಿಯುತ್ತದೆಯೇ? ಇನ್ನು ವೋಲ್ಟೇಜಿನ ಕಥೆ. ಕರೆಂಟಿನ ಐವತ್ತು ಹರ್ಟ್ಸ್ ಗುಂಯ್ ಎಂಬ ನಾದ ಗಿಟಾರಿನ ತಂತಿಸುರುಳಿಗೆ ಹೊಕ್ಕರೆ ಒಂದು ಪದರದಲ್ಲಿ ನೊಣ, ಹದಿನಾರರಲ್ಲಿ ಜೇನುಹುಟ್ಟು. ಪಕ್ಕದ ಹಿಟ್ಟಿನ ಗಿರಣಿ ನಿಲ್ಲಲೆಂದು ರಾತ್ರಿ ಎರಡಕ್ಕೆ ಕೂರುತ್ತಾನೆ. ಗಿಟಾರಿನ ವೈರು ನೇರ ಕಂಪ್ಯೂಟರಿಗೆ, ಕಂಪ್ಯೂಟರಿನ ವೈರು ಇವನ ಕಿವಿಗೆ. ಅವನ ತಲೆಯೊಳಗೆ ಪ್ರಳಯ, ಗೋಡೆಯಾಚೆ ಮಲಗಿದ ನಮಗೆ ಕೇಳುವುದು ತಗಡಿನ ಮೇಲೆ ಇಲಿ ಓಡಿದ ಸಪ್ಪಳ, ನಡುವೆ ಕಾಲು ಕುಟ್ಟಿದ್ದು, ನಡುನಡುವೆ "ಛೇ!"

ಅವನ ಸೋದರಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು. "ಒಂದು ಟನ್ ಕಲ್ಲು ಪುಡಿ ಮಾಡಿದ್ರ ಕೆಲವ ಗ್ರಾಂ ಬಂಗಾರ ಸಿಗತೈತೋ ಅಳಿಯಾ. ಅದನ್ನ ನೋಡಿ ನಮಗ ತಾಳ್ಮಿ ಬಂದೈತಿ. ನಿಂದು ಎಷ್ಟು ಟನ್ ಆತು?" ಎಂದು ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಾನೆ.

ಅವನು ಹುಟ್ಟಿನಿಂದ ಒಂಟಿ ಲೇಯರಪ್ಪನಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ, ರಾತ್ರಿ ಬಸ್ಸಿಗೆ ಹೋದ ನಾಲ್ವರು ಹುಡುಗರಲ್ಲಿ ಇವನೊಬ್ಬ. ಮರಳಿ ಬಂದವರು ಒಂದು ವಾರ ಕಿವಿ ಕೇಳದೆ ತಿರುಗಿ, ಎಂಟನೇ ದಿನ ತಂಡ ಕಟ್ಟಿದರು. ಡ್ರಮ್ಮಿನವನು ಈಗ ಸಿಂಧನೂರಿನಲ್ಲಿ ಮಿಲ್ಲಿನ ಲೆಕ್ಕ ಬರೆಯುತ್ತಾನೆ. ಹಾಡುವವನು ಮಾವನ ಗೊಬ್ಬರದ ಅಂಗಡಿಯಲ್ಲಿ ಕೂತ. ಬೇಸ್ ಗಿಟಾರಿನವನು ಬೆಂಗಳೂರಿಗೆ ಹೋಗಿ ಯಾವುದೋ ಕಂಪನಿಯ ರಾತ್ರಿ ಪಾಳಿ ಸೇರಿದ. ಹೋಗಬಾರದಿದ್ದವನೆಂದರೆ ಈ ಬೇಸಿನವನೇ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಎಂಬತ್ತೆರಡು ಸಲ ನಡುಗಿದರೆ ಬೇಸಿನದು ನಲವತ್ತೊಂದು ಸಲ. ರಾಕ್ ಹಾಡಿನಲ್ಲಿ ನಮ್ಮ ಎದೆಗೆ ಬಂದು ಕೂರುವ ಭಾರ ಬಹುಪಾಲು ಈ ಕೆಳಗಿನವನದು. ಹೆಸರು ಮಾತ್ರ ಮೇಲಿನ ಗಿಟಾರಿಗೆ. ಈ ಲೆಕ್ಕವನ್ನು ನನಗೆ ವಿವರಿಸಿದವನು ಲೇಯರಪ್ಪನೇ. ವಿವರಿಸಿ, ಹದಿನೇಳನೆಯ ಗಿಟಾರ್ ಹಚ್ಚಿದ.

ಕಳೆದ ಮೊಹರಂಗೆ ಆ ಬೇಸಿನ ಹುಡುಗ ಊರಿಗೆ ಬಂದಿದ್ದ. ಮೊಹರಂ ಎಂದರೆ ಪಕ್ಕದ ಮುದಗಲ್ಲಿಗೆ ಹೋಗದೆ ಇರುವುದುಂಟೆ? ಇಬ್ಬರೂ ಹೋಗಿ, ರಾತ್ರಿಯೆಲ್ಲ ಹಲಗಿಯ ನಡುವೆ ನಿಂತು ಬಂದರು. ಸಾಲುಗಟ್ಟಿ ನಿಂತವರ ಹಲಗಿಗಳು ಒಂದೇ ಪೆಟ್ಟಿಗೆ ಬೀಳುವುದಿಲ್ಲ, ಒಬ್ಬನದು ಒಂದು ಉಸಿರು ಮೊದಲು, ಒಬ್ಬನದು ಆಮೇಲೆ. ಆ ಪೆಟ್ಟು ಕಿವಿಗೆ ಮೊದಲು ಬೀಳುವುದಿಲ್ಲ, ಹೊಟ್ಟೆಗೆ ಬೀಳುತ್ತದೆ. ಬಂದವರು ನಿದ್ದೆಗಣ್ಣಿನಲ್ಲೇ ಕೋಣೆಗೆ ಹೊಕ್ಕರು. ಲೇಯರಪ್ಪ ಹಳೆಯದೆಲ್ಲ ಮುಚ್ಚಿ ಒಂದೇ ಗಿಟಾರ್ ಉಳಿಸಿಕೊಂಡ. ಗೆಳೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಕಲ್ಕತ್ತಾದ ಗಿವ್‌ಸನ್ ಗಿಟಾರ್ ಎತ್ತಿಕೊಂಡು, ಅಭ್ಯಾಸ ತಪ್ಪಿದ ಬೆರಳಿನಲ್ಲಿ, ಎರಡು ಕಡೆ ತಪ್ಪುತ್ತ, ಒಂದು ಕಡೆ ಆಕಳಿಸುತ್ತ, ಜತೆಗೆ ಒಮ್ಮೆ ನುಡಿಸಿದ. ಆಮೇಲೆ ಬೇಸನ್ನೂ ಒಂದು ಸಲ. ಮೂರೇ ಪದರ.

ಬೆಳಗಿನ ಚಹಾಕ್ಕೆ ಹೋದ ನನ್ನ ತಲೆಗೆ ಹೆಡ್‌ಫೋನ್ ಏರಿತು. ಕೌದಿಗಳು ಅಲುಗಾಡಿದಂತೆ ನನಗೆ ಅನಿಸಿತು.

"ಇದ ನೋಡು ತಮ್ಮಾ! ಇದನ್ನ ಮುಟ್ಟಬ್ಯಾಡ" ಎಂದೆ. ಸಂಗೀತದ ಬಗ್ಗೆ ನಾನು ಆಡಿದ ಒಂದೇ ಸರಿಯಾದ ಮಾತು ಅದು.

ಗೆಳೆಯ ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೋದ. ಲೇಯರಪ್ಪ ಬಾಗಿಲು ಹಾಕಿಕೊಂಡ. ಮೂರು ರಾತ್ರಿ ಗೋಡೆಯಾಚೆ ಇಲಿಯೂ ಓಡಲಿಲ್ಲ. ಮೌಸಿನ ಟಿಕ್ ಟಿಕ್ ಅಷ್ಟೇ. ನಾಲ್ಕನೆಯ ಬೆಳಿಗ್ಗೆ ಕರೆದ. ಕಣ್ಣು ಕೆಂಪಗಿತ್ತು, ಮುಖದಲ್ಲಿ ತೃಪ್ತಿ.

"ಅವ ಭಾಳ ತಪ್ಪು ಬಾರಿಸಿದ್ದ ಸರ್ರ. ಒಂದೊಂದು ಪೆಟ್ಟು ಹಿಡದು ಜರುಗಿಸಿ ಜರುಗಿಸಿ, ನನ್ನ ಪೆಟ್ಟಿನ ಮ್ಯಾಲ ಕರೆಕ್ಟ್ ಕೂಡಿಸೇನ್ರಿ. ಎಲ್ಲಿ ಬಿಟ್ಟದ್ದ ಅಲ್ಲಿ ನಾನ ಬಾರಿಸಿದ್ದು ಕಾಪಿ ಹಾಕೇನಿ. ಈಗ ಎರಡಕ್ಕೂ ಒಂದು ಕೂದಲ ಫರಕ್ ಇಲ್ಲ."

ಹೆಡ್‌ಫೋನ್ ಹಾಕಿಕೊಂಡೆ. ಒಬ್ಬನೇ ಹುಡುಗ, ಒಂದೇ ಗಿಟಾರ್, ತಲೆಯ ನಟ್ಟನಡುವೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಏನು ಹೇಳಬೇಕೆಂದು ತಡವರಿಸುವಷ್ಟರಲ್ಲಿ ಅವನೇ ಒಂದು ಕಿವಿಯ ಕಡೆ ವಾಲಿ ಕೇಳಿ, ಹುಬ್ಬು ಗಂಟಿಕ್ಕಿದ.

"ಯಾಕೋ ಸ್ವಲ್ಪ ತೆಳು ಆತಲ್ರೀ... ಕುಂದರ್ರಿ ಸರ್ರ, ಮಿರ್ಚಿ ತರಸ್ತೀನಿ. ಇನ್ನೊಂದು ಪದರ ಹಾಕಿಬಿಡ್ತೀನಿ."