ಕೊಯ್ದ ಹುಲ್ಲನ್ನೇ ಕೊಯ್ಯುವ ಯಂತ್ರ

ದಾವಣಗೆರೆ ಜಿಲ್ಲೆಯ ನಮ್ಮ ಕೆರೆಬಿಳಚಿ ಕಡೆ ಮನೆ ಮುಂದೆ ಬಿಸಿಲು ಬೀಳುವ ಜಾಗವಿದ್ದರೆ ಅದು ಅಡಿಕೆಗೆ ಸೇರಿದ್ದು. ಸುಲಿದು, ಬೇಯಿಸಿ, ಚೊಗರು ಹಿಡಿಸಿದ ಅಡಿಕೆ ಒಣಹಾಕಲು ಅಂಗಳ ಸಾಲದೆ ಜನ ತಾರಸಿ ಹತ್ತುತ್ತಾರೆ. ರಸ್ತೆಗೆ ಇಳಿಯೋಣವೆಂದರೆ ಮೆಕ್ಕೆಜೋಳದವರು ಆಗಲೇ ಅದನ್ನು ಹಿಡಿದು ಕೂತಿರುತ್ತಾರೆ. ರಾಶಿ ಅಡಿಕೆ ಕ್ವಿಂಟಲಿಗೆ 50,000 ರೂಪಾಯಿಯ ಆಚೀಚೆ ಓಡಾಡುತ್ತಿದ್ದ ಕಾಲದಲ್ಲಿ, 20 ಅಡಿ ಉದ್ದ 15 ಅಡಿ ಅಗಲದ ಒಳ್ಳೇ ಬಿಸಿಲನ್ನು ಹುಲ್ಲಿಗೆ ಬಿಟ್ಟುಕೊಟ್ಟವನು ನಮ್ಮ ಬೀದಿಯಲ್ಲಿ ನಾನೊಬ್ಬನೇ. ಅದೂ ಕೊಟ್ಟಿಗೆಯಿಲ್ಲದ ಮನೆಯಲ್ಲಿ.

ಹುಲ್ಲುಹಾಸಿನ ಆಸೆ ನನ್ನದಲ್ಲ. ಬೆಂಗಳೂರಿನಲ್ಲಿರುವ ಮಗ ಮನೆ ಕಟ್ಟಿಸುವಾಗ ನಕ್ಷೆಯವರು ಮನೆಯೆದುರು ಹಸಿರು ಬಣ್ಣ ಬಳಿದಿದ್ದರು. ಬಣ್ಣ ಚೆನ್ನಾಗಿದೆ ಎಂದು ನಾವೂ ತಲೆಯಾಡಿಸಿದೆವು. ಆ ಬಣ್ಣ ಆಮೇಲೆ ಬೆಳೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ದಾವಣಗೆರೆಯ ನರ್ಸರಿಯಿಂದ ಮೆಕ್ಸಿಕನ್ ಗ್ರಾಸ್ ಸುರುಳಿ ಸುತ್ತಿಕೊಂಡು ಬಂದಿಳಿಯಿತು. ಒಂದು ಮಳೆಗಾಲ ಮುಗಿಯುವುದರೊಳಗೆ ಅದರ ಸಂದುಗಳಲ್ಲಿ ಗರಿಕೆ ಇಣುಕಿತು; ಮರು ಮಳೆಗಾಲಕ್ಕೆ ಮೆಕ್ಸಿಕೋದವರೇ ಗರಿಕೆಯ ಸಂದಿನಿಂದ ಇಣುಕುವಂತಾಯಿತು. ನಮ್ಮಪ್ಪ ಬದುಕಿದ್ದಷ್ಟು ದಿನ ಹೊಲದಲ್ಲಿ ಈ ಗರಿಕೆಯ ಬೇರು ಅಗೆದು, ಆಯ್ದು, ಬದುವಿನ ಮೇಲೆ ಒಣಗಿಸಿ ಸುಟ್ಟವರು. ನಾನು ಅದಕ್ಕೆ ಸಂಜೆ ಹೊತ್ತು ಪೈಪು ಹಿಡಿದು ನೀರು ಬಿಡುತ್ತೇನೆ. ಗಾಲ್ಫ್ ಆಡುವವರು ಬರ್ಮುಡಾ ಹುಲ್ಲು ಎಂದು ದುಡ್ಡು ಸುರಿದು ಹಾಸುವುದೂ ಇದೇ ಗರಿಕೆಯನ್ನೇ ಎಂದು ಮಗ ಸಮಾಧಾನ ಹೇಳಿದ. ಅಪ್ಪ ಇದ್ದಿದ್ದರೆ ಗಾಲ್ಫಿನವರನ್ನೂ ಬದುವಿನ ಮೇಲೆ ಒಣಗಿಸುತ್ತಿದ್ದರು.

ಹುಲ್ಲು ಹೊಡೆಯುವುದಕ್ಕೆ ನಮ್ಮೂರಲ್ಲಿ ಯಂತ್ರಕ್ಕೇನೂ ಬರವಿಲ್ಲ. ತೋಟವಿದ್ದವರ ಮನೆಯಲ್ಲೆಲ್ಲ ಹೆಗಲಿಗೆ ನೇತುಹಾಕುವ ವೀಡ್ ಕಟ್ಟರ್ ಇರುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಗ್ಗ ಜಗ್ಗಿದರೆ ಪಕ್ಕದ ತೋಟದವರಿಗೂ ಫೋನ್ ಕೇಳಿಸದು. ಒಮ್ಮೆ ಕರೆಸಿದೆ. ಹುಡುಗ ಎರಡು ಎಕರೆ ಅಡಿಕೆ ತೋಟದ ಹುಮ್ಮಸ್ಸಿನಲ್ಲೇ ಬಂದು, ಗುಂಟೆಯ ಮೂರನೇ ಒಂದು ಭಾಗವೂ ಆಗದ ನನ್ನ ಹುಲ್ಲನ್ನು ಕಣ್ಣು ಮಿಟುಕಿಸುವುದರಲ್ಲಿ ಹೊಡೆದು, ಜೊತೆಗೆ ಒಂದು ಕಲ್ಲನ್ನೂ ಹಾರಿಸಿ ಕಿಟಕಿಯ ಗಾಜು ಒಡೆದ. ಹುಲ್ಲಿನ ಕೂಲಿಗಿಂತ ಗಾಜಿನ ಖರ್ಚು ಹೆಚ್ಚಾಯಿತು. ವಿಷಯ ತಿಳಿದ ಮಗ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ಕಳಿಸಿದ.

“ಅಪ್ಪಾ, ಇದಕ್ಕೆ ಪೆಟ್ರೋಲ್ ಬೇಡ, ಕರೆಂಟ್ ಬೇಡ.”

“ಮತ್ತೇನು ಬೇಕು?”

“ನೀವು ಬೇಕು.”

ಒಳಗಿದ್ದದ್ದು ಕೈಯಲ್ಲಿ ತಳ್ಳುವ ಲಾನ್ ಮೂವರ್. ಎರಡು ಚಕ್ರ, ಅವುಗಳ ನಡುವೆ ಓರೆಯಾಗಿ ತಿರುಚಿದ ಐದು ಅಲಗುಗಳ ಒಂದು ಉರುಳೆ, ಅದರ ಕೆಳಗೆ ಅಲ್ಲಾಡದ ಒಂದು ಉಕ್ಕಿನ ಪಟ್ಟಿ. ತಳ್ಳಿದರೆ ಚಕ್ರದೊಳಗಿನ ಹಲ್ಲುಗಳು ಉರುಳೆಯನ್ನು ಚಕ್ರಕ್ಕಿಂತ ಜೋರಾಗಿ ತಿರುಗಿಸುತ್ತವೆ. ಅಲಗು ಹುಲ್ಲನ್ನು ಬಾಚಿ ತಂದು ಪಟ್ಟಿಗೆ ಒತ್ತುತ್ತದೆ, ಎರಡರ ನಡುವೆ ಸಿಕ್ಕ ಎಸಳು ಕಚಕ್ಕನೆ ತುಂಡಾಗುತ್ತದೆ. ಹಿಂದಕ್ಕೆ ಎಳೆದರೆ ಉರುಳೆ ಸುಮ್ಮನಿದ್ದು, ಚಕ್ರ ಮಾತ್ರ ಟಿಕಿಟಿಕಿ ಎನ್ನುತ್ತದೆ. ವೀಡ್ ಕಟ್ಟರಿನವನು ಹುಲ್ಲಿಗೆ ಬಡಿಯುತ್ತಾನೆ, ಇದು ಕತ್ತರಿಸುತ್ತದೆ. ಮರುದಿನ ತುದಿ ನೋಡಿದರೆ ಗೊತ್ತಾಗುತ್ತದೆ. ಬಡಿಸಿಕೊಂಡ ಹುಲ್ಲಿನ ತುದಿ ಸೀಳಿ ಕಂದಿರುತ್ತದೆ, ಕತ್ತರಿಸಿಕೊಂಡದ್ದು ಹಸಿರಾಗಿಯೇ ಇರುತ್ತದೆ.

ಮೊದಲ ದಿನ ಗೇಟಿನ ಹತ್ತಿರ ಜನ ಸೇರಿದರು. ಮಕ್ಕಳು ಇದನ್ನು ಮೆಕ್ಕೆಜೋಳದ ಸಾಲಿನಲ್ಲಿ ತಳ್ಳುವ ಸೈಕಲ್ ಕುಂಟೆ ಎಂದುಕೊಂಡವು. ಎದುರು ಮನೆಯ ಹಿರಿಯರು ಬಗ್ಗಿ ನೋಡಿ, “ಅಲ್ರೀ ಮೇಷ್ಟ್ರೇ, ಇದು ನೆಲಕ್ಕೇ ಇಳಿಯಲ್ವಲ್ಲ, ಬೇರು ಹೆಂಗೆ ಬರುತ್ತೆ?” ಅಂದರು. ಬೇರು ಬರಬಾರದು, ಮೇಲಷ್ಟೇ ಹೋಗಬೇಕು ಅಂದೆ. “ಬೇರು ಬಿಟ್ರೆ ಮತ್ತೆ ಬರುತ್ತಲ್ರೀ?” ಬರಬೇಕು ಅಂದೆ. “ಬಂದ್ರೆ?” ಮತ್ತೆ ಕೊಯ್ಯಬೇಕು ಅಂದೆ. ಅವರು ಮುಂದೇನೂ ಕೇಳದೆ ಮನೆಗೆ ಹೋದರು. ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನಾದರೊಂದು ಕೈಗೆ ಕೊಡಬೇಕು ಎಂದು ಅವರು ಮನೆಯಲ್ಲಿ ಹೇಳಿದರೆಂದು ಆಮೇಲೆ ತಿಳಿಯಿತು.

ಈ ಯಂತ್ರವನ್ನು ಕಂಡುಹಿಡಿದವನ ಕಥೆ ಗೊತ್ತಾದ ಮೇಲೆ ನನಗೆ ಹಿರಿಯರ ಮೇಲಿನ ಬೇಸರ ಹೋಯಿತು. ಇಂಗ್ಲೆಂಡಿನ ಸ್ಟ್ರೌಡ್ ಬಳಿ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ಇದ್ದ. ಸುತ್ತ ಉಣ್ಣೆ ಬಟ್ಟೆಯ ಮಿಲ್ಲುಗಳು. ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸಲು ಅಲ್ಲಿ ಅಲಗಿನ ಉರುಳೆಯಿದ್ದ ಯಂತ್ರವಿತ್ತು. ಬಟ್ಟೆಗೆ ಆಗುವುದು ಹುಲ್ಲಿಗೆ ಯಾಕಾಗಬಾರದು ಎಂದುಕೊಂಡು, 1830ರ ಆಗಸ್ಟ್ 31ರಂದು ಪೇಟೆಂಟ್ ಪಡೆದ. ಅಲ್ಲಿಯವರೆಗೆ ಸಾಹೇಬರ ಬಂಗಲೆಗಳಲ್ಲಿ ಆಳುಗಳು ಇಬ್ಬನಿ ಆರುವ ಮೊದಲೇ ಎದ್ದು ಉದ್ದ ಹಿಡಿಯ ಕುಡುಗೋಲು ಬೀಸಬೇಕಿತ್ತು. ಹಳ್ಳಿಯ ದೊಡ್ಡ ಮನುಷ್ಯರು ಈ ಯಂತ್ರವನ್ನು ತಾವೇ ತಳ್ಳಿದರೆ ಮನರಂಜನೆಯೂ ಆದೀತು, ಆರೋಗ್ಯಕರ ವ್ಯಾಯಾಮವೂ ಆದೀತು ಎಂದು ಪೇಟೆಂಟಿನಲ್ಲೇ ಬಡ್ಡಿಂಗ್ ಬರೆದಿದ್ದಾನೆ. ಎರಡು ಶತಮಾನ ಆಗುತ್ತಾ ಬಂತು, ಮಗ ನನಗೆ ಹೇಳಿದ್ದೂ ಅದನ್ನೇ. ಬಡ್ಡಿಂಗನ ಯಂತ್ರ ಕಬ್ಬಿಣದ್ದು. 19 ಇಂಚು ಅಗಲ. ಹಿಂದೆ ಒಬ್ಬ ತಳ್ಳಬೇಕು; ಅವನ ಕೈಲಾಗದಿದ್ದರೆ ಮುಂದೆ ಇನ್ನೊಬ್ಬ ಎಳೆಯಲೆಂದು ಅಲ್ಲೊಂದು ಹಿಡಿ ಬೇರೆ. ಮುಂದೆ ದೊಡ್ಡ ಯಂತ್ರಗಳು ಬಂದಾಗ ಕುದುರೆ ಕಟ್ಟಿದರು, ಗೊರಸಿನ ಗುರುತು ಬೀಳದಿರಲೆಂದು ಕುದುರೆಗೆ ಚರ್ಮದ ಬೂಟು ಹಾಕಿದರು. ನನ್ನದು ಹವಾಯಿ ಚಪ್ಪಲಿ. ಆ ಖರ್ಚು ಉಳಿದಿದೆ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲೂ ಬಟ್ಟೆ ಮಿಲ್ಲುಗಳಿದ್ದವು. ಆ ಮಿಲ್ಲುಗಳ ಬುಡದಲ್ಲಿ ಬೆಳೆದ ನಮ್ಮವರಿಗೆ ಹುಲ್ಲಿನ ಯೋಚನೆ ಬರಲಿಲ್ಲ. ಅವರು ಬೆಣ್ಣೆ ದೋಸೆಯ ಹೆಂಚು ಕಾಯಿಸಿದರು. ಮಿಲ್ಲುಗಳು ಮುಚ್ಚಿದರೂ ಹೆಂಚು ಆರಿಲ್ಲ. ಯಾರ ತಲೆ ಚುರುಕು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಈ ಯಂತ್ರಕ್ಕೆ ಒಂದು ನಿಯಮವಿದೆ, ಅದನ್ನು ಪೆಟ್ಟಿಗೆಯ ಮೇಲೆ ಎಲ್ಲೂ ಅಚ್ಚು ಹಾಕಿಲ್ಲ. ಇದು ಕೊಯ್ಯುವುದು ಗಿಡ್ಡ ಹುಲ್ಲನ್ನು ಮಾತ್ರ. ಅರ್ಧ ಇಂಚಿನಿಂದ ಒಂದೂವರೆ ಇಂಚಿನವರೆಗೆ ಅಲಗಿನ ಎತ್ತರ ಹೊಂದಿಸಬಹುದು. ಹುಲ್ಲು ಅದಕ್ಕಿಂತ ಒಂದಿಷ್ಟು ಮೇಲಿದ್ದರೆ ಸರಿ. ನಾಲ್ಕು ಇಂಚು ದಾಟಿತೋ, ಉರುಳೆ ಅದನ್ನು ಕೊಯ್ಯುವ ಬದಲು ಮಲಗಿಸಿ ಅದರ ಮೇಲೆ ಹಾದುಹೋಗುತ್ತದೆ. ಹಿಂತಿರುಗಿ ನೋಡಿದರೆ ಮಲಗಿದ್ದು ಎದ್ದು ಕೂತಿರುತ್ತದೆ. ತೆನೆ ಕಡ್ಡಿಗಳದ್ದಂತೂ ಕೇಳಬೇಡಿ, ಎಷ್ಟು ಸಲ ತಳ್ಳಿದರೂ ನಮಸ್ಕಾರ ಮಾಡಿ ನಿಲ್ಲುತ್ತವೆ. ದುಡ್ಡಿದ್ದವರಿಗಷ್ಟೇ ಸಾಲ ಕೊಡುವ ಬ್ಯಾಂಕಿನ ಹಾಗೆ, ಕೊಯ್ಯಬೇಕಾಗಿಲ್ಲದ ಹುಲ್ಲನ್ನಷ್ಟೇ ಇದು ಚೆನ್ನಾಗಿ ಕೊಯ್ಯುತ್ತದೆ. ಹಾಗಾಗಿ ವಾರ ವಾರ, ನೋಡುವವರಿಗೆ ಹುಲ್ಲೇ ಬೆಳೆದಿಲ್ಲ ಅನಿಸುವಾಗಲೇ, ನಾನು ಯಂತ್ರ ತಳ್ಳುತ್ತಿರಬೇಕು.

ಆಷಾಢದಲ್ಲಿ ಈ ನಿಯಮ ಪಾಲಿಸುವುದು ಹೇಗೆ? ಜಿಟಿಜಿಟಿ ಮಳೆ ಹಿಡಿಯಿತೆಂದರೆ ಒದ್ದೆ ಹುಲ್ಲು ಉರುಳೆಗೆ ಮೆತ್ತಿಕೊಂಡು ಚಕ್ರ ಜಾರುತ್ತದೆ. ಮಳೆ ಬಿಡುವು ಕೊಡುವಷ್ಟರಲ್ಲಿ ಗರಿಕೆ ಮೊಣಕಾಲು ಮುಟ್ಟುವ ಹುಮ್ಮಸ್ಸಿನಲ್ಲಿರುತ್ತದೆ. ಆಗ ನಾನು ಕುಡುಗೋಲು ಹಿಡಿದು, ಕುಕ್ಕರಗಾಲಲ್ಲಿ ಕೂತು, ಇಡೀ ಹಾಸನ್ನು ಒಂದು ಮಟ್ಟಕ್ಕೆ ಕೊಯ್ಯುತ್ತೇನೆ. ಸೊಂಟ ಹಿಡಿದುಕೊಂಡು ಎದ್ದ ಮೇಲೆ ಯಂತ್ರವನ್ನು ಗಂಭೀರವಾಗಿ ಹೊರಗೆ ತರುತ್ತೇನೆ. ಸೂಳೆಕೆರೆ ನೋಡಲೆಂದು ಬಂದ ನೆಂಟರು ಇಳಿಯುವುದು ಸರಿಯಾಗಿ ಅದೇ ಹೊತ್ತಿಗೆ. “ಎಷ್ಟು ನೀಟಾಗಿ ಕಟ್ ಮಾಡುತ್ತೆ ನೋಡು!” ಎಂದು ಯಂತ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕುಡುಗೋಲು ಗೋಡೆಗೆ ಒರಗಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ.

ಅಡಿಕೆ ಕಾಲ ಶುರುವಾದರೆ ಬೇರೆಯದೇ ಪಾಡು. ಸುತ್ತಲಿನ ಅಂಗಳಗಳಲ್ಲಿ ಅಡಿಕೆ ಹರಡಿ, ಸಂಜೆ ಗುಡ್ಡೆ ಮಾಡುವಾಗ ಒಂದೆರಡು ಉರುಳಿ ನನ್ನ ಹುಲ್ಲಿಗೆ ಬಂದು ಸೇರುತ್ತವೆ. ಒಣಗಿದ ಅಡಿಕೆ ಎಂದರೆ ಹಲ್ಲು ಗಟ್ಟಿಯಿರುವವರೂ ಅಡಕತ್ತರಿ ಕೇಳುವ ಪದಾರ್ಥ. ಅದು ಅಲಗಿಗೂ ಪಟ್ಟಿಗೂ ನಡುವೆ ಸಿಕ್ಕಿತೆಂದರೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ, ಹಿಂದಿದ್ದ ನಾನು ಮಾತ್ರ ಮುಂದೆ ಹೋಗುತ್ತೇನೆ. ಹಿಡಿ ಹೊಟ್ಟೆಗೆ ಗುದ್ದುತ್ತದೆ. ಯಂತ್ರ ಮಗುಚಿ, ಉರುಳೆಯನ್ನು ಹಿಂದಕ್ಕೆ ತಿರುಗಿಸಿ, ಅಡಿಕೆ ಬಿಡಿಸಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಈ ಹುಲ್ಲುಹಾಸಿನಿಂದ ನನಗೆ ಈವರೆಗೆ ಬಂದ ಫಸಲು ಅದೊಂದೇ. ಪಕ್ಕದ ಮನೆಯವರು ವಾಪಸ್ ಕೇಳಿಲ್ಲ. ಹೊಟ್ಟೆಯ ಗುದ್ದಿಗೆ ಪರಿಹಾರವೆಂದು ಬಿಟ್ಟಿರಬೇಕು.

ಅಲಗು ಮೊಂಡಾದಾಗ ದಿಕ್ಕು ತೋರಿಸಿದವರು ಗ್ಯಾರೇಜಿನ ಚಾಚಾ. ಬೈಕು, ವೀಡ್ ಕಟ್ಟರ್, ಅಡಿಕೆ ಸುಲಿಯುವ ಯಂತ್ರ ಎಲ್ಲಕ್ಕೂ ಅವರೇ ಡಾಕ್ಟರು. ನನ್ನದನ್ನು ಮೇಲೆ ಕೆಳಗೆ ನೋಡಿ, ಬೆರಳಿಂದ ಉರುಳೆ ತಿರುಗಿಸಿ, ಅಲಗು ಪಟ್ಟಿಗೆ ತಾಗುವ ಜಾಗಕ್ಕೆ ಕಿವಿ ಕೊಟ್ಟರು. ಆಮೇಲೆ ಡಬ್ಬಿಯಿಂದ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ತೆಗೆದರು. ಬೈಕಿನ ಇಂಜಿನ್ ಬಿಚ್ಚಿದಾಗ ವಾಲ್ವನ್ನು ಅದರ ಸೀಟಿಗೆ ಕೂರಿಸಿ ಉಜ್ಜುವ ಬೂದು ಬಣ್ಣದ ಮರಳು ಗ್ರೀಸು ಅದು. ಒಂದು ಚಕ್ರ ಕಳಚಿ, ಐದೂ ಅಲಗಿನ ಅಂಚಿಗೆ ಅದನ್ನು ಸವರಿ, ಉರುಳೆಯನ್ನು ಉಲ್ಟಾ ತಿರುಗಿಸತೊಡಗಿದರು. ಮೊದಲು ಗರಗರ ಸದ್ದು, ಬರಬರುತ್ತಾ ಸಣ್ಣ ಸರಸರ. ಅಲಗೂ ಪಟ್ಟಿಯೂ ಒಂದನ್ನೊಂದು ಉಜ್ಜಿಕೊಂಡು ಹೊಂದಿಕೊಂಡವು. ಒರೆಸಿ, ಸ್ಕ್ರೂವನ್ನು ಕಾಲು ಸುತ್ತು ಬಿಗಿಮಾಡಿ, ಹಳೆಯ ಪೇಪರಿನ ಚೂರನ್ನು ನಡುವೆ ಹಿಡಿದರು. ಎಡದಿಂದ ಬಲದವರೆಗೆ ಎಲ್ಲಿ ಹಿಡಿದರೂ ಪೇಪರು ಗೆರೆ ಎಳೆದಂತೆ ತುಂಡಾಯಿತು. ಎಷ್ಟಾಯಿತು ಚಾಚಾ ಅಂದರೆ, “ಇಂಜಿನ್ನೇ ಇಲ್ಲದ ಗಾಡಿಗೆ ಬಿಲ್ ಹೆಂಗೆ ಹಾಕೋದು ಸಾರ್?” ಎಂದು ಚಹಾ ತರಿಸಿದರು. ಚಹಾದ ದುಡ್ಡನ್ನೂ ಕೊಡಲು ಬಿಡಲಿಲ್ಲ.

ಯಂತ್ರವನ್ನು ಒಪ್ಪಿಕೊಳ್ಳದೇ ಉಳಿದವರು ಹಿಂದಿನ ಮನೆಯ ಎಮ್ಮೆಯ ಒಡತಿ. ಕೊಯ್ದ ಹುಲ್ಲನ್ನು ಎಮ್ಮೆಗೆ ಒಯ್ಯಿರಿ ಎಂದು ನಾನೇ ಕರೆದಿದ್ದೆ. ಬುಟ್ಟಿ ತಂದರು. ನೆಲದ ಮೇಲೆ ಬಿದ್ದಿದ್ದು ಅರ್ಧರ್ಧ ಇಂಚಿನ ಚೂರು. ಕೈಯಲ್ಲಿ ಬಾಚಿದರೆ ಬೆರಳ ಸಂದಿಯಲ್ಲಿ ಸೋರಿಹೋಗುತ್ತಿತ್ತು. “ಮೇಷ್ಟ್ರೇ, ಇದನ್ನ ನಮ್ಮ ಎಮ್ಮೆ ತಿನ್ನಬೇಕೋ, ಮೂಸಬೇಕೋ?” ಎಂದು ಬುಟ್ಟಿ ಮಗುಚಿಕೊಂಡು ನಾಲೆ ಏರಿಯ ಕಡೆ ನಡೆದರು. ಅಮೆರಿಕದ ಎಷ್ಟೋ ಊರುಗಳಲ್ಲಿ ಮನೆ ಮುಂದೆ ಹುಲ್ಲು ಎತ್ತರ ಬೆಳೆದರೆ ನಗರಸಭೆಯಿಂದ ನೋಟಿಸ್ ಬರುತ್ತದಂತೆ, ದಂಡವೂ ಬೀಳುತ್ತದಂತೆ. ನಮ್ಮಲ್ಲಿ ನೋಟಿಸು ಕೊಡುವುದು ಎಮ್ಮೆ ಕಟ್ಟಿದವರು, ಅದೂ ಹುಲ್ಲು ಗಿಡ್ಡವಾದದ್ದಕ್ಕೆ.

ಗಣೇಶನ ಹಬ್ಬದ ಬೆಳಿಗ್ಗೆ ನನ್ನವಳು ಪೂಜೆಗೆ 21 ಗರಿಕೆ ತನ್ನಿ ಅಂದಳು. ಮುನ್ನೂರು ಚದರಡಿ ಗರಿಕೆಯ ಒಡೆಯ ನಾನು, ತಟ್ಟೆ ಹಿಡಿದು ಠೀವಿಯಿಂದ ಹೊರಗೆ ಬಂದೆ. ಹಬ್ಬಕ್ಕೆ ಚೆಂದ ಕಾಣಲೆಂದು ಹಿಂದಿನ ದಿನವಷ್ಟೇ ಯಂತ್ರ ತಳ್ಳಿದ್ದೆ. ಕೂತು ಹುಡುಕಿದೆ, ಮಂಡಿಯೂರಿ ಹುಡುಕಿದೆ. ಮೂರೆಲೆಯ ಕುಡಿ ಒಂದಾದರೂ ಇರಬೇಕಲ್ಲ! ಎಲ್ಲದರ ತಲೆಯೂ ಒಂದೇ ಮಟ್ಟಕ್ಕೆ ಹಾರಿಹೋಗಿತ್ತು. ಒಳಗಿನಿಂದ ಗಂಟೆಯ ಸದ್ದು ಬೇರೆ ಕೇಳತೊಡಗಿತು. ಅಷ್ಟರಲ್ಲಿ ಎಮ್ಮೆಯ ಒಡತಿ ಹುಲ್ಲಿನ ಹೊರೆ ಹೊತ್ತು ನಾಲೆಯ ಕಡೆಯಿಂದ ಬಂದರು. ಗೇಟಿನಲ್ಲೇ ಹೊರೆ ಇಳಿಸಿ, ಕೇಳುವ ಮೊದಲೇ ಎಳೆಯ ಕುಡಿಗಳನ್ನು ಒಂದೊಂದಾಗಿ ಆರಿಸಿ ನನ್ನ ತಟ್ಟೆಗೆ ಎಣಿಸಿಹಾಕಿದರು.

“ಮುಂದಿನ ವರ್ಷಕ್ಕೆ ಒಂದು ಮೂಲೆ ಹಂಗೇ ಬಿಡ್ರಿ ಮೇಷ್ಟ್ರೇ. ಗಣಪತಿಗೆ ಇಪ್ಪತ್ತೊಂದು ಸಾಕು, ಉಳಿದಿದ್ದು ನಾನು ಒಯ್ತೀನಿ.”